ಫ್ರೆಂಚ್ ಜೇನಿನ ಲೇಬಲ್ ಇಂಗ್ಲಿಷಿನಲ್ಲಿ

ಪ್ರಶ್ನೆ: ಫ್ರಾನ್ಸಿನ ಜೇನುತುಪ್ಪದ ಲೇಬಲ್‌ಗಳನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದೇನೆ. ‘ಎಒಪಿ’, ‘ಲಾಬೆಲ್ ರೂಜ್’, ‘ಮಿಯೆಲಾ’ ಎಂಬ ಪದಗಳಿಗೆ ಏನು ಬರೆಯಬೇಕು?

ಉತ್ತರ: ‘ಎಒಪಿ’ ಎಂಬುದು ‘ಸಂರಕ್ಷಿತ ಮೂಲಸ್ಥಾನದ ಹೆಸರು’ ಎಂಬರ್ಥದ, ಐರೋಪ್ಯ ಒಕ್ಕೂಟದ ಕಾನೂನಿನ ಪದವಾಗಿದ್ದು, ಅದಕ್ಕೆ ‘ಪಿಡಿಒ’ (ಪ್ರೊಟೆಕ್ಟೆಡ್ ಡೆಸಿಗ್ನೇಷನ್ ಆಫ್ ಆರಿಜಿನ್) ಎಂಬ ಅಧಿಕೃತ ಇಂಗ್ಲಿಷ್ ರೂಪವಿದೆ, ಅದನ್ನೇ ಬಳಸಿರಿ. ಕಾರ್ಸಿಕಾದ ಜೇನು ಈ ಮಾನ್ಯತೆ ಪಡೆದಿದೆ. ‘ಲಾಬೆಲ್ ರೂಜ್’ ಹಾಗಲ್ಲ. ಅದು 1960ರ ಕೃಷಿ ಕಾನೂನಿನಿಂದ ಹುಟ್ಟಿದ, ಸಾಮಾನ್ಯ ಉತ್ಪನ್ನಕ್ಕಿಂತ ಮೇಲಾದ ಗುಣಮಟ್ಟವನ್ನು ಸೂಚಿಸುವ ಫ್ರಾನ್ಸಿನದೇ ಮುದ್ರೆಯಾದ್ದರಿಂದ, ಹೆಸರನ್ನು ಹಾಗೆಯೇ ಉಳಿಸಿ ಒಂದು ಸಾಲಿನ ವಿವರಣೆ ಕೊಡುವುದೇ ಸರಿಯೆಂದು ನನ್ನ ದೃಢ ಅಭಿಪ್ರಾಯ.

ಹೆಚ್ಚು ಎಚ್ಚರ ಬೇಕಿರುವುದು ‘ಮಿಯೆಲಾ’ದ ವಿಷಯದಲ್ಲಿ. ಗಿಡಹೇನುಗಳಂಥ ಕೀಟಗಳು ಮರದ ರಸ ಹೀರಿ ಹೊರಹಾಕುವ ಸಿಹಿದ್ರವವೇ ಅದು. ಜೇನ್ನೊಣಗಳು ಅದನ್ನು ಸಂಗ್ರಹಿಸಿ ತಯಾರಿಸುವ ಜೇನಿಗೆ ಇಂಗ್ಲಿಷಿನಲ್ಲಿ ‘ಹನಿಡ್ಯೂ ಹನಿ’ ಎನ್ನುತ್ತಾರೆ. 1996ರಲ್ಲಿ ಮೂಲಸ್ಥಾನದ ಮಾನ್ಯತೆ ಪಡೆದ ವೋಜ್ ಪರ್ವತಪ್ರದೇಶದ ‘ಮಿಯೆಲ್ ದ ಸಾಪಾಂ’ (ಫರ್ ಮರದ ಜೇನು) ಇಂಥದ್ದೇ ಆಗಿದ್ದು, ಅದನ್ನು ‘ಫರ್ ಹನಿ’ ಎನ್ನಬಹುದಾದರೂ ಹೂವಿನ ಜೇನೆಂದು ಸೂಚಿಸಿದರೆ ಕೊಳ್ಳುವವರನ್ನು ದಾರಿ ತಪ್ಪಿಸಿದಂತಾಗುತ್ತದೆ. ಲೇಬಲ್‌ನಲ್ಲಿ ‘ತೂತ್ ಫ್ಲರ್’ (ಎಲ್ಲ ಹೂಗಳ) ಎಂದಿದ್ದರೆ ಮಾತ್ರ ‘ಪಾಲಿಫ್ಲೋರಲ್’ ಎಂದು ಬರೆಯಿರಿ.