ಮೈಗೂ ಮಣ್ಣಿಗೂ ಹದ ಬರಲಿ

ಚಳಿ ಇಳಿದು ಮೊದಲ ಹಿತವಾದ ಬಿಸಿಲು ಅಂಗಳಕ್ಕೆ ಬೀಳುತ್ತಿದ್ದಂತೆ ನನ್ನ ಮೇಜಿನ ಮೇಲೆ ಕಾಗದಗಳು ಹೆಚ್ಚುತ್ತವೆ. ಅರ್ಧದಷ್ಟು ಗಿಡಗಳ ಬಗ್ಗೆ, ಉಳಿದರ್ಧ ಸೊಂಟದ ಬಗ್ಗೆ. ಈ ಸಲ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ 52 ವರ್ಷ. ಚಳಿಗಾಲವನ್ನೆಲ್ಲ ಕಚೇರಿಯ ಕುರ್ಚಿಯಲ್ಲೇ ಕಳೆದೆ. ಕಳೆದ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಹಿತ್ತಲಿನ ತರಗೆಲೆ ಬಾಚಿ, ಎರಡು ಪಾತಿ ಅಗೆದೆ. ಅಂದು ಏನೂ ಅನ್ನಿಸಲಿಲ್ಲ. ಮಂಗಳವಾರ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಸ್ನಾಯುಗಳಲ್ಲಿ ಆಮ್ಲ ತುಂಬಿಕೊಂಡಿದೆ ಎಂದು ಗೆಳೆಯರು ಹೇಳುತ್ತಾರೆ. ಒಳಗೆ ಏನಾದರೂ ಹರಿದಿದೆಯೇ? ಈ ವಯಸ್ಸಿನಲ್ಲಿ ಇದನ್ನು ಬಿಟ್ಟುಬಿಡಬೇಕೇ?

ಉತ್ತರ: ಖಂಡಿತ ಬಿಡಬೇಡಿ. ನೀವು ಬರೆದಿರುವ ಲಕ್ಷಣಗಳೇ ಧೈರ್ಯ ಹೇಳುತ್ತಿವೆ. ಕೆಲಸದ ದಿನ ಇಲ್ಲದ ನೋವು ಮರುದಿನ ತಲೆಯೆತ್ತಿ, 24ರಿಂದ 72 ಗಂಟೆಗಳ ನಡುವೆ ಏರಿ, ಆಮೇಲೆ ತಾನಾಗಿ ಇಳಿದರೆ ಅದು ರೂಢಿಯಿಲ್ಲದ ದುಡಿಮೆಗೆ ಸ್ನಾಯುಗಳು ಕೊಡುವ ಉತ್ತರ. ಆಮ್ಲದ ಮಾತು ಹಳೆಯದು. ದುಡಿಯುವಾಗ ಸ್ನಾಯುಗಳಲ್ಲಿ ಸೇರುವ ಲ್ಯಾಕ್ಟಿಕ್ ಆಮ್ಲ ಒಂದೆರಡು ಗಂಟೆಗಳಲ್ಲೇ ಕರಗಿಹೋಗುತ್ತದೆ, ಮಂಗಳವಾರದವರೆಗೆ ಕಾಯುವುದಿಲ್ಲ. ನೋಯುವುದು ಸ್ನಾಯುವಿನ ಎಳೆಗಳಿಗೆ ಆದ ತೀರಾ ಸಣ್ಣ ಪೆಟ್ಟುಗಳು ಮತ್ತು ಅವನ್ನು ಮಾಯಿಸಲು ದೇಹ ನಡೆಸುವ ಕೆಲಸದಿಂದ.

ಮೆಟ್ಟಿಲು ಇಳಿಯುವಾಗ ನೋವು ಎಂದಿರಲ್ಲ, ಗುಟ್ಟು ಅಲ್ಲೇ ಇದೆ. ಭಾರ ಹೊತ್ತೇ ಸ್ನಾಯು ಹಿಗ್ಗುತ್ತ ಹೋದಾಗ ಇಂಥ ಪೆಟ್ಟು ಹೆಚ್ಚು. ಕುಕ್ಕರುಗಾಲಿಗೆ ಇಳಿಯುವಾಗ ತೊಡೆ, ಮೆಲ್ಲನೆ ಬಗ್ಗುವಾಗ ಬೆನ್ನು ಹಾಗೆಯೇ ದುಡಿದಿವೆ. ಮೆಟ್ಟಿಲು ಇಳಿಯುವಾಗ ತೊಡೆಗೆ ಮತ್ತೆ ಅದೇ ಕೆಲಸ. ಸಂತೋಷದ ಸಂಗತಿ ಎಂದರೆ ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟೊಂದು ನೋಯುವುದಿಲ್ಲ. ಹಾಗಾಗಿ ಪೂರ್ತಿ ಮಲಗಬೇಡಿ, ನಡೆದಾಡಿ. ಬಿಸಿನೀರಿನ ಸ್ನಾನ ಹಿತ ಕೊಡುತ್ತದೆ. ನೋವು ಇಳಿದ ಮೇಲೆ ಹಿತ್ತಲಿಗೆ ಹೋಗಿ, ಆದರೆ ಅರ್ಧ ಗಂಟೆಗೆ ಮಾತ್ರ.

ನಾನು ಅಲಾರಾಂ ಇಟ್ಟುಕೊಳ್ಳುತ್ತೇನೆ. 25 ನಿಮಿಷ ಅಗೆತ, ಆಮೇಲೆ ನಿಂತು ಮಾಡುವ ಇನ್ನೊಂದು ಕೆಲಸ, ಆಮೇಲೆ ಕುಳಿತು ಕಳೆ ಕೀಳುವುದು. ಒಂದೇ ಕೀಲಿನ ಮೇಲೆ ಇಡೀ ದಿನದ ಹೊರೆ ಬೀಳಬಾರದು. ಎಲೆ ಬಾಚುವಾಗ ಹತ್ತಿಪ್ಪತ್ತು ಸಲಕ್ಕೊಮ್ಮೆ ಕೈ ಬದಲಿಸಿ. ಮೊದಮೊದಲು ಎಡಗೈ ಒಪ್ಪುವುದಿಲ್ಲ, ಒಂದು ವಾರದಲ್ಲಿ ಒಪ್ಪುತ್ತದೆ. ಮಣ್ಣು ತುಂಬಿದ ಸಲಿಕೆಯನ್ನು ಹೊಟ್ಟೆಯ ಹತ್ತಿರ ಹಿಡಿಯಿರಿ. ಸೊಂಟ ತಿರುಚಿ ಎಸೆಯದೆ ಪಾದಗಳನ್ನೇ ಆ ಕಡೆಗೆ ತಿರುಗಿಸಿ. ಇದೊಂದನ್ನು ಕಲಿತ ವರ್ಷದಿಂದ ನನ್ನ ಬೆನ್ನು ನನ್ನ ಮಾತು ಕೇಳುತ್ತಿದೆ.

ಈ ಕೆಲವನ್ನು ಮಾತ್ರ ಸಹಿಸಿಕೊಂಡು ಕೂರಬೇಡಿ: ಸೊಂಟದಿಂದ ಕಾಲಿಗೆ ಇಳಿಯುವ ಸೆಳೆತ, ಜೋಮು, ಮೂತ್ರದ ಮೇಲೆ ಹಿಡಿತ ತಪ್ಪುವುದು, ಕಡು ಕಂದು ಬಣ್ಣದ ಮೂತ್ರ, ಎದೆಯಲ್ಲಿ ಬಿಗಿತ. ಅವು ಮೈಕೈ ನೋವಲ್ಲ. ತಡಮಾಡದೆ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಹಿತ್ತಲು ಇನ್ನೂ ಒದ್ದೆಯಾಗಿದೆ. ರಜೆ ಇರುವುದು ಈ ವಾರ ಮಾತ್ರ. ಈಗಲೇ ಅಗೆದರೆ ಏನಾಗುತ್ತದೆ?

ಉತ್ತರ: ಏನಾಗುತ್ತದೆ ಎಂಬುದನ್ನು ನಾನು ಅನುಭವಿಸಿಯೇ ತಿಳಿದುಕೊಂಡೆ. ತೋಟಕ್ಕೆ ಇಳಿದ ಎರಡನೆಯ ವರ್ಷ, ಮೊದಲ ಬಿಸಿಲು ಕಂಡ ಉಮೇದಿನಲ್ಲಿ ಮುದ್ದೆಯಂಥ ಮಣ್ಣನ್ನು ಸಂಜೆಯವರೆಗೆ ಬುಡಮೇಲು ಮಾಡಿದೆ. ಪ್ರತಿ ಸಲಿಕೆಗೂ ಮಣ್ಣು ಅಂಟಿಕೊಂಡು ಭಾರ ಎರಡು ಪಟ್ಟಾಗಿತ್ತು. ಎರಡು ವಾರದ ಬಳಿಕ ನೋಡಿದರೆ ಪಾತಿಯ ತುಂಬ ಮುಷ್ಟಿ ಗಾತ್ರದ ಹೆಂಟೆಗಳು, ಒಣಗಿ ಕಲ್ಲಾಗಿದ್ದವು. ಒದ್ದೆ ಮಣ್ಣನ್ನು ತುಳಿದು, ತಿರುವಿ ಹಾಕಿದಾಗ ಕಣಗಳ ನಡುವಿನ ಗಾಳಿಯ ಜಾಗ ಮುಚ್ಚಿಹೋಗುತ್ತದೆ. ಬೇರಿಗೆ ಉಸಿರಿಲ್ಲ, ನೀರಿಗೆ ದಾರಿಯಿಲ್ಲ. ಆ ವರ್ಷ ಅಲ್ಲಿ ಬಿತ್ತಿದ್ದರಲ್ಲಿ ಕಾಲು ಭಾಗವೂ ಮೇಲೆ ಬರಲಿಲ್ಲ. ನನಗೆ ಅಳು ಬಂದಿತ್ತು.

ಆದ್ದರಿಂದ ಹದ ನೋಡಿ. ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಬಿಗಿಯಾಗಿ ಅಮುಕಿ, ಅಂಗೈ ಬಿಡಿಸಿ, ಹೆಬ್ಬೆರಳಿನಿಂದ ಮೆಲ್ಲನೆ ತಟ್ಟಿ. ಉಂಡೆ ಪುಡಿಯಾಗಿ ಉದುರಿದರೆ ಹದ ಬಂದಿದೆ. ಬೆರಳಚ್ಚು ಮೂಡಿಸಿಕೊಂಡು ಹಾಗೆಯೇ ಕುಳಿತರೆ ಬಂದಿಲ್ಲ. ಜೇಡಿ ಮಣ್ಣಿಗೆ ಹೆಚ್ಚು ದಿನ ಬೇಕು, ಮರಳು ಮಣ್ಣು ಬೇಗ ಆರುತ್ತದೆ. ರಜೆಯಲ್ಲಿ ಹಾರೆ, ಸಲಿಕೆಗಳನ್ನು ಸಾಣೆ ಹಿಡಿಯಿರಿ, ಗೊಬ್ಬರದ ಗುಂಡಿಯನ್ನು ತಿರುವಿ. ಅಂಚಿನಲ್ಲಿ ನಿಂತು ಕೈಗೆಟುಕುವ ಕಳೆ ಕೀಳಬಹುದು, ನೆಲ ಒದ್ದೆಯಿದ್ದಾಗ ಅದು ಬೇರು ಸಮೇತ ಬರುತ್ತದೆ. ಪಾತಿಯೊಳಗೆ ಕಾಲಿಡಬೇಡಿ, ಅಷ್ಟೆ.

ಪ್ರಶ್ನೆ: ಗುಲಾಬಿಯನ್ನು ಈಗ ಸವರಬಹುದೇ? ಉಳಿದ ಹೂಗಿಡಗಳನ್ನು?

ಉತ್ತರ: ಗುಲಾಬಿಯನ್ನು ಚಿಗುರು ಉಬ್ಬತೊಡಗಿದಾಗ ಸವರಿ. ಹೊರಮುಖವಾಗಿರುವ ಕಣ್ಣಿನಿಂದ, ಅಂದರೆ ಚಿಗುರೊಡೆಯುವ ಜಾಗದಿಂದ, ಅರ್ಧ ಸೆಂಟಿಮೀಟರ್ ಮೇಲೆ, ನೀರು ಕಣ್ಣಿನಿಂದ ಆಚೆ ಜಾರುವಂತೆ ಓರೆಯಾಗಿ ಕತ್ತರಿಸಿ. ಆದರೆ ವಸಂತದ ಆರಂಭದಲ್ಲೇ ಹೂಬಿಡುವ ಪೊದೆಗಳು ಹೋದ ವರ್ಷವೇ ಮೊಗ್ಗು ಕಟ್ಟಿಕೊಂಡಿರುತ್ತವೆ. ಅವನ್ನು ಹೂ ಮುಗಿದ ಮೇಲೆಯೇ ಮುಟ್ಟಬೇಕು. ದಪ್ಪ ಕೈಗವಸು ಇರಲಿ. ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿಯೇ ಇರುತ್ತವೆ, ಲಸಿಕೆ ಹಾಕಿಸಿ ಹತ್ತು ವರ್ಷ ದಾಟಿದ್ದರೆ ವೈದ್ಯರನ್ನು ಕೇಳಿ.

ಪ್ರಶ್ನೆ: ಹಿತ್ತಲನ್ನು ನೋಡಿಕೊಳ್ಳುತ್ತಿದ್ದವರು ನನ್ನ ಯಜಮಾನರು. ಅವರು ಹೋಗಿ ಇದು ಮೊದಲ ವಸಂತ. ನಾನೇ ಮಾಡಬೇಕೆಂದು ಹೊರಟಿದ್ದೇನೆ. ದಿನಕ್ಕೆ ಒಂದು ಗಂಟೆಗೇ ಭುಜ ಹಿಡಿದುಕೊಳ್ಳುತ್ತದೆ. "ಇಷ್ಟು ನೋವು ತಿಂದು ಏನು ಸಿಗುತ್ತದೆ ಅಮ್ಮ?" ಎಂದು ಮಗಳು ಕೇಳುತ್ತಾಳೆ. ನನಗೆ ಉತ್ತರ ತೋಚುವುದಿಲ್ಲ. ಅವರ ಗುದ್ದಲಿಯ ಕಾವು ಸಿಬಿರು ಎದ್ದಿದೆ. ಬದಲಿಸಲು ಮನಸ್ಸಿಲ್ಲ.

ಉತ್ತರ: ಅಮ್ಮ, ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮಗಳಿಗೆ ಬಾಯಲ್ಲಿ ಉತ್ತರ ಹೇಳಬೇಡಿ, ಒಂದು ಬೆಳಗ್ಗೆ ಜೊತೆಗೆ ಕರೆದುಕೊಂಡು ಹೋಗಿ.

ಎಲ್ಲೂ ಅಗೆಯುವುದು ಬೇಡ. ಚಳಿಗಾಲವಿಡೀ ಅಲುಗದೆ ಕುಳಿತ ತರಗೆಲೆಯ ಒಂದು ಪದರವನ್ನು ಕೈಯಿಂದ ಎತ್ತಿ. ಮೇಲಿನ ಎಲೆ ಗರಿಗರಿ, ಅದರ ಕೆಳಗಿನದು ಮೆತ್ತಗೆ, ಅದರ ಕೆಳಗಿನದಕ್ಕೆ ನರಗಳ ಬಲೆಯಷ್ಟೇ ಉಳಿದಿರುತ್ತದೆ. ಆ ಬಲೆಯನ್ನು ತೂರಿಕೊಂಡು ಬಿಸಿಲು ಕಾಣದ ಬಿಳಿ ಮೊಳಕೆ, ತುದಿಯಲ್ಲಿ ಮಾತ್ರ ಹಸಿರು, ಕತ್ತು ಬಗ್ಗಿಸಿ ನಿಂತಿರುತ್ತದೆ. ಮರುದಿನ ಹೋದರೆ ಅದರ ಕತ್ತು ನೆಟ್ಟಗಾಗಿರುತ್ತದೆ. ಆಗಲೇ ಮೂಗಿಗೆ ಬಡಿಯುವ ಮಣ್ಣಿನ ವಾಸನೆ ಜಿಯೋಸ್ಮಿನ್ ಎಂಬ ವಸ್ತುವಿನದು, ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ತಯಾರಿಸುತ್ತವೆ. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ. ಎಲೆಯಡಿ ಚಂಗನೆ ಹಾರುವ, ಎಳ್ಳಿಗಿಂತ ಸಣ್ಣ ಜೀವಿಗಳನ್ನೂ ಮಗಳಿಗೆ ತೋರಿಸಿ. ಅದೇ ವಾಸನೆಗೆ ಬಂದು ಆ ಬ್ಯಾಕ್ಟೀರಿಯಾವನ್ನು ತಿನ್ನುವ ಇವು, ಅದರ ಬೀಜಾಣುಗಳನ್ನು ಬೇರೆಡೆಗೆ ಹೊತ್ತೊಯ್ಯುತ್ತವೆ ಎಂದು 2020ರಲ್ಲಿ ವಿಜ್ಞಾನಿಗಳು ತೋರಿಸಿದರು. ಒಂದು ಮೂಲೆಯ ಎಲೆ ಮತ್ತು ಟೊಳ್ಳು ಕಡ್ಡಿಗಳನ್ನು ಹಾಗೆಯೇ ಬಿಡಿ. ಒಂಟಿಯಾಗಿ ಬದುಕುವ ಜೇನಿನ ಜಾತಿಯ ಹುಳುಗಳು ಅವುಗಳೊಳಗೆ ಇನ್ನೂ ಮಲಗಿರಬಹುದು.

ಭುಜಕ್ಕೆ: ಒಂದು ಗಂಟೆ ಬೇಡ, ಬೆಳಗ್ಗೆ 20 ನಿಮಿಷ, ಸಂಜೆ 20 ನಿಮಿಷ. ಗುದ್ದಲಿಯನ್ನು ಹೆಗಲಿಗಿಂತ ಮೇಲಕ್ಕೆ ಎತ್ತಬೇಡಿ, ಅದರ ತೂಕವೇ ಅದನ್ನು ಇಳಿಸಲಿ. ಎರಡು ವಾರ ಕಳೆದರೂ ತೋಳು ಮೇಲೆತ್ತಲು ಕಷ್ಟವಾದರೆ ವೈದ್ಯರಿಗೆ ತೋರಿಸಿ.

ಕಾವನ್ನು ಬದಲಿಸಬೇಡಿ. ಬಿರುಕು ಬಿಟ್ಟಿಲ್ಲವೇ ಎಂದು ಮಾತ್ರ ಬಿಸಿಲಿನಲ್ಲಿ ತಿರುಗಿಸಿ ನೋಡಿ. ಸಿಬಿರಷ್ಟೇ ಆದರೆ ಉಪ್ಪುಕಾಗದದಿಂದ ಮರದ ಎಳೆಯ ಜಾಡಿನಲ್ಲೇ ಉಜ್ಜಿ. ಅವರ ಅಂಗೈ ಸವೆಸಿದ ಜಾಗ ನಿಮ್ಮ ಕೈಗೆ ಸಿಕ್ಕೀತು, ಅಲ್ಲಿ ಉಜ್ಜುವುದು ಬೇಡ, ಅದು ಆಗಲೇ ನುಣುಪಾಗಿದೆ. ಆಮೇಲೆ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ಸವರಿ, ಒಂದು ದಿನ ಬಿಟ್ಟು ಇನ್ನೊಮ್ಮೆ ಸವರಿ. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಹೊರಗೆ ಹರವಿ ಒಣಗಿಸಿ.