ಪತ್ರದ ತುಂಬ ಅಶೋಕನೇ ಇದ್ದಾನೆ, ಮಕ್ಕಳೆಲ್ಲಿ?

ಪ್ರಶ್ನೆ: ನಾನು ಮಸ್ಕಿ ಹತ್ತಿರದ ಹಳ್ಳಿಯವಳು. ಈ ಸಲ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಶೇ 78 ಬಂದಿದೆ. ಸೈನ್ಸ್ ತಗೊಂಡಿದ್ದು ಅಪ್ಪನ ಆಸೆಗೆ. ಏಳನೇ ಕ್ಲಾಸಿನಲ್ಲಿ ನಮ್ಮ ಸರ್ ಅಶೋಕನ ಶಾಸನದ ಬಂಡೆ ತೋರಿಸಿದ ದಿನದಿಂದ ನನಗೆ ಇತಿಹಾಸದ್ದೇ ಗುಂಗು. ಬಿ.ಎ. ಸೇರಿ, ಆಮೇಲೆ ಬಿ.ಇಡಿ. ಮಾಡಿ ಹೈಸ್ಕೂಲ್ ಟೀಚರ್ ಆಗಬೇಕು ಅಂತಿದ್ದೇನೆ. ಅಪ್ಪ ನರ್ಸಿಂಗ್ ಅಂತಾರೆ. ‘ಹಿಸ್ಟರಿ ಓದಿ ಏನ್ ಮಾಡ್ತೀಯವ್ವ? ನಿಮ್ಮ ಅಕ್ಕನ್ನ ನೋಡು’ ಅನ್ನೋದು ಅವರ ಮಾತು. ಅಕ್ಕ ಅಂದರೆ ದೊಡ್ಡಪ್ಪನ ಮಗಳು. ಎಂ.ಎ., ಬಿ.ಇಡಿ. ಮುಗಿಸಿ ಆರು ವರ್ಷದಿಂದ ಅತಿಥಿ ಶಿಕ್ಷಕಿಯಾಗಿದ್ದಾಳೆ. ಅಪ್ಪನಿಗೆ ಏನು ಉತ್ತರ ಕೊಡಲಿ?

ಉತ್ತರ: ನಿಮ್ಮ ಪತ್ರ ನಾಲ್ಕು ಪುಟವಿತ್ತು, ಇಲ್ಲಿ ಕತ್ತರಿಸಿ ಹಾಕಿದ್ದೇನೆ, ಬೇಜಾರಾಗಬೇಡಿ. ಬಿಟ್ಟಿದ್ದೆಲ್ಲ ಬಂಡೆಯ ಕಥೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಆ ಅಕ್ಷರಗಳು ಬಿದ್ದದ್ದು, ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೇ ಅಲ್ಲಿ ಸಿಕ್ಕಿದ್ದು, ಎಲ್ಲವನ್ನೂ ಚೆಂದಾಗಿ ಬರೆದಿದ್ದೀರಿ. ನಾನು 27 ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಇಷ್ಟು ಇಷ್ಟಪಟ್ಟು ಇತಿಹಾಸ ಬರೆಯುವ ಹದಿನೆಂಟರ ಹುಡುಗಿಯನ್ನು ಕಂಡರೆ ಖುಷಿಯಾಗದೆ ಇರುತ್ತದೆಯೇ?

ಆದರೆ ಒಂದು ಎಣಿಸಿದೆ. ಪತ್ರದಲ್ಲಿ ಅಶೋಕ ಹದಿನಾಲ್ಕು ಸಲ ಬಂದಿದ್ದಾನೆ. ಮಕ್ಕಳು ಅನ್ನುವ ಮಾತು ಒಂದೇ ಸಲ, ಅದೂ ‘ಮಕ್ಕಳಿಗೆ ಇದನ್ನೆಲ್ಲ ಹೇಳಬೇಕು’ ಅಂತ. ಅಪ್ಪನ ಪ್ರಶ್ನೆಗಿಂತ ನನಗೆ ದೊಡ್ಡದಾಗಿ ಕಾಣುತ್ತಿರುವುದು ಇದು.

ಯಾಕೆ ಅಂದರೆ ನಮ್ಮ ಹೈಸ್ಕೂಲುಗಳಲ್ಲಿ ಇತಿಹಾಸದ ಟೀಚರ್ ಅಂತ ಒಬ್ಬರು ಇರುವುದೇ ಇಲ್ಲ. ಇರುವುದು ಸಮಾಜ ವಿಜ್ಞಾನದ ಟೀಚರ್. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಆರೂ ಒಬ್ಬರ ತಲೆ ಮೇಲೆ. ಅಶೋಕನ ಪಾಠ ಕೆಲವೇ ಪೀರಿಯಡ್ಡಿನಲ್ಲಿ ಮುಗಿದುಹೋಗುತ್ತದೆ. ಆಮೇಲೆ ಭಾರತದ ಮಣ್ಣುಗಳು, ಬ್ಯಾಂಕ್ ಖಾತೆಯ ವಿಧಗಳು, ಗ್ರಾಹಕರ ಹಕ್ಕು. ನಾನು ಬಿ.ಎ.ಯಲ್ಲಿ ಭೂಗೋಳ ಓದಿರಲಿಲ್ಲ. ಮೊದಲ ವರ್ಷ ಅಕ್ಷಾಂಶ ರೇಖಾಂಶ ಪಾಠದ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಮೂಸಂಬಿಗೆ ಪೆನ್ನಿನಿಂದ ಗೆರೆ ಎಳೆದುಕೊಂಡು ಕೂತಿದ್ದೆ. ನಮ್ಮತ್ತೆ ನೋಡಿ ಏನೂ ಕೇಳದೆ ಹೋಗಿ ಮಲಗಿದರು.

ಇನ್ನೊಂದು ಹೇಳುತ್ತೇನೆ. ಹತ್ತನೇ ತರಗತಿಯ ಇತಿಹಾಸ ಶುರುವಾಗುವುದು ಯುರೋಪಿಯನ್ನರು ಬಂದ ಪಾಠದಿಂದ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು, ವ್ಯಾಪಾರದ ದಾರಿ ಅವರ ಕೈಗೆ ಹೋಯಿತು, ಯುರೋಪಿನವರು ಸಮುದ್ರದ ದಾರಿ ಹುಡುಕಿದರು. ಆ ಊರಿನ ಹೆಸರು ಬರೆದ ತಕ್ಷಣ ಅರ್ಧ ಕ್ಲಾಸು ನಿದ್ದೆಗೆ ಜಾರುತ್ತಿತ್ತು. ಒಂದು ವರ್ಷ ಮಳೆಗಾಲದಲ್ಲಿ, ಆಗ ನಾನು ಸಕಲೇಶಪುರದ ಕಡೆ ಇದ್ದೆ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಶಿರಾಡಿ ಬಂದ್ ಆದ್ರೆ ಬಸ್ಸು ಚಾರ್ಮಾಡಿ ಮೇಲೆ ಹೋಗಲ್ವಾ ಮಿಸ್, ಹಂಗಾ?’ ಅಂದ. ಅವನಪ್ಪ ಲಾರಿ ಡ್ರೈವರ್. ಆಮೇಲೆ ಪ್ರತಿ ವರ್ಷ ನಾನು ಆ ಪಾಠ ಶುರುಮಾಡಿದ್ದು ಶಿರಾಡಿಯಿಂದಲೇ. ಸುತ್ತುದಾರಿಯಾದರೆ ಡೀಸೆಲ್ ಯಾರ ಖರ್ಚು, ಟೋಲು ಯಾರು ವಸೂಲಿ ಮಾಡುತ್ತಾರೆ ಅಂತ ಮಕ್ಕಳೇ ಮುಂದುವರಿಸುತ್ತಿದ್ದರು.

ಆ ಹುಡುಗನ ಮಾತು ಓದಿ ನಿಮಗೆ ‘ನಾನೂ ಅಲ್ಲಿರಬೇಕಿತ್ತು’ ಅನ್ನಿಸಿತೋ, ಅಥವಾ ‘ಪಾಪ, ಕಾನ್‌ಸ್ಟಾಂಟಿನೋಪಲನ್ನು ಲಾರಿ ಮಟ್ಟಕ್ಕೆ ಇಳಿಸಿದರಲ್ಲ’ ಅನ್ನಿಸಿತೋ? ಎರಡನೆಯದಾದರೆ ನಾಚಿಕೊಳ್ಳುವ ಅಗತ್ಯವಿಲ್ಲ. ನಿಮ್ಮ ದಾರಿ ಶಾಸನದ ಕಡೆಗಿದೆ, ಅಷ್ಟೆ. ಬಿ.ಎ. ಆದಮೇಲೆ ಮೈಸೂರಲ್ಲೋ ಧಾರವಾಡದಲ್ಲೋ ಪ್ರಾಚೀನ ಇತಿಹಾಸ, ಶಾಸನಶಾಸ್ತ್ರದ ಕಡೆ ಹೊರಳಬಹುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಿಮಗೆ ಇನ್ನೂ ಹತ್ತಿರ. ಅಲ್ಲಿ ಕೆಲಸಗಳು ಹೈಸ್ಕೂಲಿಗಿಂತಲೂ ಕಡಿಮೆ ಅನ್ನುವುದು ಮಾತ್ರ ಗೊತ್ತಿರಲಿ.

ಈಗ ಅಪ್ಪನ ವಿಷಯ. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಕಣ್ಣೆದುರಿಗೆ ಅಣ್ಣನ ಮಗಳು ಪ್ರತಿ ಜೂನ್‌ನಲ್ಲಿ ‘ಈ ವರ್ಷ ತಗೋತಾರೋ ಇಲ್ಲವೋ’ ಅಂತ ಕಾಯುತ್ತಾಳೆ, ಗೌರವಧನ ಬರುವುದು ತಡ, ಬೇಸಿಗೆ ರಜೆಗೆ ಅದೂ ಇಲ್ಲ. ಕಾಯಂ ಶಿಕ್ಷಕರು ವರ್ಗವಾಗಿ ಬಂದರೆ ಅವತ್ತೇ ಮನೆಗೆ. ಇದನ್ನು ಆರು ವರ್ಷ ನೋಡಿದ ಮನುಷ್ಯನಿಗೆ ‘ನನಗೆ ಇತಿಹಾಸ ಅಂದ್ರೆ ಪ್ರಾಣ’ ಅಂದರೆ ಅವರ ಹೆದರಿಕೆ ಹೆಚ್ಚಾಗುತ್ತದೆ. ಅವರ ಮುಂದೆ ಲೆಕ್ಕ ಇಡಿ.

ಬಿ.ಎ. ಮೂರು ವರ್ಷ. ನಮ್ಮ ರಾಜ್ಯದಲ್ಲಿ 2024–25ರಿಂದ ಮತ್ತೆ ಮೂರು ವರ್ಷದ ಪದವಿಯೇ ಬಂದಿದೆ. ಬಿ.ಇಡಿ. 2015ರಿಂದ ಎರಡು ವರ್ಷ, ಅದಕ್ಕೆ ಸೇರಲು ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50 ಬೇಕು. ಅಲ್ಲಿಗೆ ನಿಮಗೆ 23 ವರ್ಷವಾಯಿತು. ಆಮೇಲಿನದು ನಿಮ್ಮ ಕೈಯಲ್ಲಿಲ್ಲ. ಸರ್ಕಾರಿ ಶಿಕ್ಷಕರ ನೇಮಕ ನಮ್ಮಲ್ಲಿ ವರ್ಷವರ್ಷ ಆಗುವುದಿಲ್ಲ, ಆದಾಗ ಸಾವಿರಗಟ್ಟಲೆ. ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಾತಿ ನೆನಪಿದೆಯಲ್ಲ, ಪರೀಕ್ಷೆ ನಡೆದದ್ದು 2022ರ ಮೇನಲ್ಲಿ. ಮದುವೆಯಾದ ಹೆಣ್ಣುಮಕ್ಕಳು ತಂದೆಯ ಆದಾಯ ಪ್ರಮಾಣಪತ್ರ ಕೊಡಬೇಕೋ ಗಂಡನದ್ದೋ ಅಂತ ಹೈಕೋರ್ಟ್ ಮೆಟ್ಟಿಲೇರಿ, ಅದು ಬಗೆಹರಿಯುವ ಹೊತ್ತಿಗೆ 2023ರ ಅಕ್ಟೋಬರ್. ಹಾಗಾಗಿ ಅಪ್ಪನಿಗೆ ‘ನನಗೆ 26–27 ವರ್ಷ ಆಗುವ ತನಕ ಸಮಯ ಕೊಡಿ’ ಅಂತಲೇ ಕೇಳಿ. 23ಕ್ಕೆ ಕೆಲಸ ಅಂತ ಮಾತು ಕೊಡಬೇಡಿ.

ನಿಮ್ಮ ಪರವಾಗಿರುವುದನ್ನೂ ಹೇಳಿ. ನೀವು ರಾಯಚೂರು ಜಿಲ್ಲೆಯವರು. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 80 ನಿಮ್ಮ ಭಾಗದವರಿಗೇ. ನೀವು ಆ ಭಾಗದ ಸ್ಥಳೀಯರು ಅನ್ನುವ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಈಗಲೇ ಮಾಡಿಸಿಡಿ, ಅರ್ಜಿ ಕರೆದಾಗ ಓಡಾಡುವ ಕಷ್ಟ ತಪ್ಪುತ್ತದೆ. ಬಿ.ಇಡಿ. ಆದಮೇಲೆ ಆರರಿಂದ ಎಂಟರ ಹುದ್ದೆಗೂ ಪ್ರಯತ್ನಿಸಬಹುದು. ಅದಕ್ಕೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆ ಬೇಕು. 150ಕ್ಕೆ 60 ಅಂಕ ಸಮಾಜ ವಿಜ್ಞಾನದ್ದೇ. ಒಮ್ಮೆ ಪಾಸಾದರೆ ಈಗ ಜೀವನಪೂರ್ತಿ ಮಾನ್ಯ. ಎಂ.ಎ.ಯಲ್ಲಿ ಶೇ 55 ತೆಗೆದು ಬಿ.ಇಡಿ.ಯೂ ಇದ್ದರೆ ಪಿಯು ಉಪನ್ಯಾಸಕಿಯ ಹುದ್ದೆಗೂ ಅರ್ಹತೆ, ಅಲ್ಲಿ ಬರೀ ಇತಿಹಾಸ. ನಿಮ್ಮಂಥವರಿಗೆ ಅದೇ ಹೆಚ್ಚು ಒಗ್ಗಬಹುದು ಅಂತ ನನಗೆ ಒಳಗೊಳಗೇ ಅನ್ನಿಸುತ್ತಿದೆ.

ಇನ್ನು ನರ್ಸಿಂಗ್. ಒಳ್ಳೆಯ ಕೆಲಸ, ಬೇಗ ಸಂಬಳ, ನಿಜ. ಆದರೆ ಮನಸ್ಸಿಲ್ಲದವರು ರಾತ್ರಿ ಪಾಳಿಯಲ್ಲಿ ರೋಗಿಯ ಪಕ್ಕ ನಿಲ್ಲುವುದು ರೋಗಿಗೂ ಒಳ್ಳೆಯದಲ್ಲ. ಇದನ್ನು ಅಪ್ಪನಿಗೆ ನೀವೇ ಮೆಲ್ಲಗೆ ಹೇಳಬೇಕು.

ಮೊದಲು ಮಾಡಬೇಕಾದ್ದು ಬೇರೆ. ಬಿ.ಇಡಿ.ಯಲ್ಲಿ ಶಾಲೆಗೆ ಕಳಿಸಿ ಪಾಠ ಮಾಡಿಸುತ್ತಾರೆ, ಸರಿ. ಅಷ್ಟು ಹೊತ್ತಿಗೆ ಮೂರು ವರ್ಷ ಕಳೆದಿರುತ್ತದೆ. ಈಗಲೇ ಅಕ್ಕನ ಶಾಲೆಗೆ ಹೋಗಿ. ಮುಖ್ಯ ಶಿಕ್ಷಕರನ್ನು ಕೇಳಿದರೆ ಹತ್ತು ದಿನ ಹಿಂದಿನ ಬೆಂಚಿನಲ್ಲಿ ಕೂರಲು ಬೇಡ ಅನ್ನಲಿಕ್ಕಿಲ್ಲ. ಊಟದ ನಂತರದ ಪೀರಿಯಡ್ ತಪ್ಪಿಸಬೇಡಿ, ನಿಜವಾದ ಪರೀಕ್ಷೆ ಅಲ್ಲಿದೆ. ಒಂದು ದಿನ ಅಕ್ಕನ ಬದಲು ನೀವು ನಿಂತು ಪಾಠ ಮಾಡಿ, ಅಶೋಕನದ್ದು ಬೇಡ, ಮಣ್ಣುಗಳದ್ದು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕನನ್ನು ಕೇಳಿ, ‘ಈ ಆರು ವರ್ಷದಲ್ಲಿ ಬಿಡಬೇಕು ಅನ್ನಿಸಲಿಲ್ಲವಾ, ಯಾಕೆ ಬಿಡಲಿಲ್ಲ?’ ಅವಳು ಹೇಳಿದ್ದನ್ನು ಅಪ್ಪನ ಮುಂದೆ ಅವಳ ಬಾಯಿಂದಲೇ ಹೇಳಿಸಿ, ಕಹಿಯಿದ್ದರೂ.

ಅಷ್ಟರೊಳಗೆ ಕಾಲೇಜಿನ ಅರ್ಜಿಯ ಕೊನೆಯ ದಿನ ಬಂದರೆ ಬಿ.ಎ.ಗೆ ಹಾಕಿಬಿಡಿ. ಆದರೆ ಇತಿಹಾಸದ ಜೊತೆ ಯಾವ ವಿಷಯ ಅಂತ ಗೆಳತಿಯರನ್ನು ನೋಡಿ ಆರಿಸಬೇಡಿ. ಹಿಂದಿನ ಹೈಸ್ಕೂಲ್ ಶಿಕ್ಷಕರ ನೇಮಕಾತಿ ಅಧಿಸೂಚನೆ ತೆಗೆದು, ಪದವಿಯಲ್ಲಿ ಯಾವ ಯಾವ ಐಚ್ಛಿಕ ವಿಷಯ ಕೇಳಿದ್ದರು ನೋಡಿಕೊಳ್ಳಿ. ಆ ಪಟ್ಟಿಗೆ ಹೊಂದುವಂತೆ ಭೂಗೋಳ ಸಿಗುವ ಕಾಲೇಜು ಹತ್ತಿರದಲ್ಲಿದ್ದರೆ ಅದನ್ನೇ ತಗೊಳ್ಳಿ. ಮೂಸಂಬಿ ಹಣ್ಣಾದರೂ ಉಳಿಯುತ್ತದೆ.