ಎಸ್‌ಇ5ಎ ಮೇಲಿನ ರೆಕ್ಕೆ ಬಿಚ್ಚಿ ಸರ್, ದಾರದ ಮಾತು ಆಮೇಲೆ

ಸರ್, ಫೋಟೊ ನೋಡಿದೆ. 1/48 ಎಸ್‌ಇ5ಎ, ಅಂದ್ರೆ ಮೊದಲ ಮಹಾಯುದ್ಧದ ಬ್ರಿಟಿಷ್ ಬೈಪ್ಲೇನ್ (ಎರಡು ರೆಕ್ಕೆಯ) ಯುದ್ಧವಿಮಾನ, ಅಸಲಿಯ 48ನೇ ಒಂದು ಅಳತೆಗೆ. ಬಣ್ಣ ಮುಗಿದಿದೆ, ಡೀಕಾಲ್ (ಅಂಟಿಸೋ ಗುರುತಿನ ಚಿತ್ರ) ಕೂತಿದೆ, ಕಿಟ್‌ನ ಇಂಟರ್‌ಪ್ಲೇನ್ ಸ್ಟ್ರಟ್ (ಎರಡು ರೆಕ್ಕೆ ನಡುವಿನ ಕಂಬ) ಮುರಿದಿದ್ದಕ್ಕೆ ಹಲ್ಲುಕಡ್ಡಿ ಸವೆಸಿ ನಾಲ್ಕು ಸ್ಟ್ರಟ್ ಮಾಡಿ ಮೇಲಿನ ರೆಕ್ಕೆ ಅಂಟಿಸಿದೀರ. ಭಾನುವಾರ ಹೊಲಿಗೆ ದಾರದಲ್ಲಿ ರಿಗ್ಗಿಂಗ್ (ರೆಕ್ಕೆ ನಡುವಿನ ವೈರ್ ಕಟ್ಟೋದು) ಶುರು ಅಂತ ಬರೆದಿದೀರ. ದಯವಿಟ್ಟು ಶುರು ಮಾಡಬೇಡಿ. ಈ ಗುಂಪಿನಲ್ಲಿ ವರ್ಷಕ್ಕೆ ಎರಡು ಬೈಪ್ಲೇನ್ ಇದೇ ಹಂತದಲ್ಲಿ ಹಾಳಾಗಿ ಡಬ್ಬಿ ಸೇರುತ್ತವೆ.

ತೊಂದರೆ ದಾರದ್ದಲ್ಲ, ತೂತಿನದು. ರೆಕ್ಕೆ ಕೂರಿಸೋ ಮೊದಲು ವೈರ್‌ಗೆ ತೂತು ಕೊರೆದಿಲ್ಲ ಅನ್ನೋದು ಮೂರನೇ ಫೋಟೊದಲ್ಲಿ ಕಾಣ್ತಿದೆ. ಈಗ ಎರಡು ರೆಕ್ಕೆ ನಡುವಿನ ಜಾಗದಲ್ಲಿ ಪಿನ್ ವೈಸ್ (ಕೈಯಲ್ಲಿ ತಿರುಗಿಸೋ ಸಣ್ಣ ಡ್ರಿಲ್) ನೆಟ್ಟಗೆ ನಿಲ್ಲಲ್ಲ. ಕೊನೆಗೆ ಏನಾಗುತ್ತೆ? ದಾರದ ತುದಿಯನ್ನ ಸ್ಟ್ರಟ್ ಬುಡಕ್ಕೆ ಸುತ್ತಿ ಸೂಪರ್ ಗ್ಲೂ ಬಿಡ್ತೀರ, ಅಲ್ಲಿ ಗಂಟು ಕಾಣುತ್ತೆ, ಗ್ಲೂ ಆವಿ ಪಿಸಿ10 (ಈ ವಿಮಾನದ ಬಣ್ಣದ ಹೆಸರು) ಮೇಲೆ ಬಿಳಿ ಮಂಜಾಗಿ ಕೂರುತ್ತೆ. ಅದಕ್ಕಿಂತ ಕೆಟ್ಟದ್ದು ಎಳೆತ. ಪಿನ್ ಇಲ್ಲದ ಸ್ಟ್ರಟ್ ಬರೀ ಅಂಟಿನ ಮೇಲೆ ನಿಂತಿರುತ್ತೆ. ಎಡಗಡೆ ನಾಲ್ಕು ದಾರ ಬಿಗಿಯೋ ಹೊತ್ತಿಗೆ ಬಲಗಡೆ ತುದಿ ಎರಡು ಮಿಲಿಮೀಟರ್ ಎದ್ದಿರುತ್ತೆ, ಬಲಗಡೆ ಬಿಗಿದರೆ ಎಡಗಡೆಯ ಮೊದಲ ದಾರ ಸಡಿಲ.

ದಪ್ಪದ ಲೆಕ್ಕವನ್ನೂ ಒಮ್ಮೆ ಹಾಕಿ. ಹೊಲಿಗೆ ದಾರ ಸುಮಾರು 0.25 ಮಿಮೀ. 48ರಿಂದ ಗುಣಿಸಿದರೆ 12 ಮಿಮೀ, ಅಂದ್ರೆ ಬಾವಿ ಹಗ್ಗ. ಮೇಲೆ ನವಿರು ಬೇರೆ. ಅಸಲಿ ವಿಮಾನದಲ್ಲಿ ಇದ್ದದ್ದು ದುಂಡನೆ ಕೇಬಲ್ಲೇ ಅಲ್ಲ. ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿಯವರದು ಚಪ್ಪಟೆ ಉಕ್ಕಿನ ಕಡ್ಡಿ, ರಾಫ್‌ವೈರ್. ಗಾಳಿಗೆ ಅಂಚು ಕೊಟ್ಟು ನಿಲ್ಲುತ್ತೆ. ಅಗಲ ಕಾಲಿಂಚು ಅಂತ ಹಿಡಿದರೂ ನಮ್ಮ ಅಳತೆಗೆ 0.13 ಮಿಮೀ ಅಗಲ, ದಪ್ಪ ಅದರ ಅರ್ಧಕ್ಕಿಂತ ಕಡಿಮೆ. ರಡ್ಡರ್, ಎಲಿವೇಟರ್, ಏಲರಾನ್ ಅನ್ನೋ ಅಲುಗಾಡೋ ಭಾಗಗಳಿಗೆ ಹೋಗೋದು ಮಾತ್ರ ದುಂಡನೆ ಹೆಣೆದ ಕೇಬಲ್. ಎರಡಕ್ಕೂ ಒಂದೇ ಸಾಮಾನು ಹಾಕಿದರೆ ತಿಳಿದವರ ಕಣ್ಣಿಗೆ ತಕ್ಷಣ ಬೀಳುತ್ತೆ.

ಮೊದಲು ರೆಕ್ಕೆ ಬಿಚ್ಚೋದು. ಹಲ್ಲುಕಡ್ಡಿ ಸ್ಟ್ರಟ್ಟಿಗೆ ಸೂಪರ್ ಗ್ಲೂ ಹಾಕಿದ್ರೆ ನಿಮ್ಮ ಅದೃಷ್ಟ. ಮಾಡೆಲ್ ಪೂರ್ತಿ ಜಿಪ್ ಕವರಿನಲ್ಲಿ ಹಾಕಿ, ಗಾಳಿ ಆದಷ್ಟು ತೆಗೆದು, ಫ್ರೀಜರಿನಲ್ಲಿ ಎರಡು ಗಂಟೆ ಇಡಿ. ಆ ಗ್ಲೂ ತಣ್ಣಗಾದಾಗ ಗಾಜಿನ ಥರ ಪೆಡಸು. ಸ್ಟ್ರಟ್ ಬುಡದಲ್ಲಿ ಬ್ಲೇಡ್ ತುದಿ ಇಟ್ಟು ಸಣ್ಣಗೆ ತಿರುವಿದರೆ ಪಟ್ ಅಂತ ಬಿಡುತ್ತೆ. ಬಿಟ್ಟ ಮೇಲೆ ಕೂಡಲೇ ಮತ್ತೆ ಕವರಿಗೆ ಹಾಕಿ ಮುಚ್ಚಿ, ಕೋಣೆಯ ಬಿಸಿಗೆ ಬರೋತನಕ ತೆರೀಬೇಡಿ, ಇಲ್ಲದಿದ್ರೆ ಡೀಕಾಲ್ ಮೇಲೆ ನೀರು ಕೂರುತ್ತೆ. ಕಬೇನ್ ಸ್ಟ್ರಟ್ (ವಿಮಾನದ ಮೈಯಿಂದ ಮೇಲಿನ ರೆಕ್ಕೆಗೆ ಹೋಗೋ ಗಿಡ್ಡ ಕಂಬ) ಕಿಟ್ಟಿನದೇ ಇದ್ದು ಟಮಿಯಾ ಎಕ್ಸ್‌ಟ್ರಾ ಥಿನ್ ಅನ್ನೋ ಪ್ಲಾಸ್ಟಿಕ್ ಕರಗಿಸೋ ಅಂಟಿನಲ್ಲಿ ಅಂಟಿಸಿದ್ರೆ ಅದು ಕರಗಿ ಒಂದಾಗಿರುತ್ತೆ, ಫ್ರೀಜರ್ ಉಪಯೋಗಕ್ಕಿಲ್ಲ. ರೇಜರ್ ಸಾ ಹಾಕಿ ರೆಕ್ಕೆ ತಳದ ಮಟ್ಟಕ್ಕೇ ಕೊಯ್ಯಿರಿ. ಅಸಿಟೋನ್, ನೇಲ್ ಪಾಲಿಶ್ ರಿಮೂವರ್ ಅಂತ ಯಾರಾದ್ರೂ ಕೆಳಗೆ ಸಲಹೆ ಕೊಟ್ರೆ ಕಿವಿ ಕೊಡಬೇಡಿ, ಗ್ಲೂಗಿಂತ ಮೊದಲು ಪಾಲಿಸ್ಟೈರೀನ್ (ಕಿಟ್ಟಿನ ಪ್ಲಾಸ್ಟಿಕ್) ಕರಗುತ್ತೆ.

ಸ್ಟ್ರಟ್ ಕೈಯಲ್ಲೇ ಮಾಡೋದು ಒಳ್ಳೇದೇ, ಆದರೆ ಹಲ್ಲುಕಡ್ಡಿ ಬೇಡ. ಅದು ಮೆತ್ತನೆ ಮರ, ತುದಿಯಲ್ಲಿ ಪಿನ್ ತೂತು ಕೊರೆದರೆ ಸೀಳುತ್ತೆ. ಬಿದಿರು ತಗೊಳ್ಳಿ. ಕಬಾಬ್ ಕಡ್ಡಿಯನ್ನ ಉದ್ದಕ್ಕೆ ಸೀಳಿ, ಹೊರಸಿಪ್ಪೆ ಕಡೆಯ ನಾರು ಮಾತ್ರ ಇಟ್ಟುಕೊಳ್ಳಿ, ಒಳಗಿನ ತಿರುಳು ಬಿಸಾಡಿ. ಅಗಲ, ದಪ್ಪ ಡ್ರಾಯಿಂಗಿನಲ್ಲಿ ಅಳೀರಿ, ಕಿಟ್ಟಿನ ಸ್ಟ್ರಟ್ ನೋಡಿ ಅಲ್ಲ, ಮೋಲ್ಡಿಂಗ್ ಅನುಕೂಲಕ್ಕೆ ಅದನ್ನ ಸಾಮಾನ್ಯವಾಗಿ ದಪ್ಪ ಮಾಡಿರ್ತಾರೆ. 400 ಗ್ರಿಟ್‌ನಲ್ಲಿ ಮುಂದಿನ ಅಂಚು ದುಂಡಗೆ, ಹಿಂದಿನದು ಚೂಪಾಗಿ ತನ್ನಿ. ಎರಡೂ ತುದಿಗೆ 0.4 ಮಿಮೀ ಹಿತ್ತಾಳೆ ತಂತಿ, ಒಳಗೆ 3 ಮಿಮೀ, ಹೊರಗೆ 1 ಮಿಮೀ. ನಾಲ್ಕನ್ನೂ ಒಟ್ಟಿಗೆ ಟೇಪಿನಲ್ಲಿ ಸುತ್ತಿ ಒಂದೇ ಉದ್ದಕ್ಕೆ ಉಜ್ಜಿ. ಅರ್ಧ ಮಿಲಿಮೀಟರ್ ವ್ಯತ್ಯಾಸ ಆದ್ರೂ ಮುಂದಿನಿಂದ ನೋಡಿದಾಗ ರೆಕ್ಕೆ ಸೊಟ್ಟ. ಇಂಟರ್‌ಪ್ಲೇನ್ ಸ್ಟ್ರಟ್ಟಿಗೆ ಮಾತ್ರ ಬಿದಿರು, ಕಬೇನ್‌ಗೆ ಬೇಡ. ಅಷ್ಟು ಗಿಡ್ಡ ತುಂಡಿನಲ್ಲಿ ಪಿನ್‌ಗೆ ಜಾಗ ಸಾಲಲ್ಲ, ಹಿತ್ತಾಳೆ ಪಟ್ಟಿಯೇ ಸರಿ.

ಈಗ ವೈರ್. ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಿ. ಅಂಗಡಿಯ ಎಲಾಸ್ಟಿಕ್ ದಾರ ಹಾಕಿ ಅಂತ ಕೆಲವರು ಹೇಳ್ತಾರೆ. ಅದರಲ್ಲೊಂದಾದ ಈಝೀ ಲೈನ್ ಕೆಟ್ಟದ್ದೇನಲ್ಲ, ಕೈ ತಗುಲಿದರೂ ಮುರಿಯಲ್ಲ, 1/72ಗೆ ನಡೆಯುತ್ತೆ. 1/48ರಲ್ಲಿ ಹತ್ತಿರದಿಂದ ರಬ್ಬರ್ ಅಂತ ಗೊತ್ತಾಗುತ್ತೆ. ಮೀನು ಗಾಳದ ನೈಲಾನ್ ದಾರದ ಕಥೆ ಬೇರೆ. ನೈಲಾನ್ ತೇವ ಕುಡಿಯುತ್ತೆ. ಮಾರ್ಚಿನಲ್ಲಿ ಬಿಗಿದದ್ದು ಜುಲೈನಲ್ಲಿ ಜೋಲುತ್ತೆ, ಮಂಗಳೂರು, ಉಡುಪಿ ಕಡೆಯವರು ಇದನ್ನೇ ಕೇಳಿಕೊಂಡು ಬರೋದು. ಊದುಬತ್ತಿ ಕೆಂಡ ಹತ್ತಿರ ಹಿಡಿದರೆ ಮತ್ತೆ ಬಿಗಿಯಾಗುತ್ತೆ ನಿಜ, ಅರ್ಧ ಕ್ಷಣ ಹೆಚ್ಚಾದರೆ ದಾರ ತುಂಡು, ರೆಕ್ಕೆ ಮೇಲೆ ಬೊಬ್ಬೆ. ಗಾಳದ ದಾರವೇ ಬೇಕು ಅಂದ್ರೆ ಫ್ಲೋರೋಕಾರ್ಬನ್ ಕೇಳಿ ತಗೊಳ್ಳಿ, ಅದಕ್ಕೆ ತೇವದ ಕಾಟ ಇಲ್ಲ ಅಂದ್ರೂ ಸರಿ.

ರಾಫ್‌ವೈರ್‌ಗೆ ನನ್ನ ಮತ ತಾಮ್ರಕ್ಕೆ. ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ 42 ಗೇಜ್ ವೈಂಡಿಂಗ್ ವೈರ್ ಕೇಳಿ, 0.10 ಮಿಮೀ. 40 ಗೇಜ್ 0.12, 44 ಗೇಜ್ 0.08. ಎಸ್‌ಡಬ್ಲ್ಯೂಜಿ (ಬ್ರಿಟಿಷ್ ಗೇಜ್) ಅಂತ ಒತ್ತಿ ಹೇಳಿ, ಅಮೆರಿಕನ್ ಗೇಜಿನ ಲೆಕ್ಕ ಬೇರೆ. ಮೂರು ನಾಲ್ಕು ಮೀಟರ್ ಸಾಕು, ಬಹಳ ಕಡೆ ದುಡ್ಡೂ ಕೇಳಲ್ಲ. ಒಂದಡಿ ತುಂಡಿನ ಒಂದು ತುದಿ ವೈಸಿಗೆ, ಇನ್ನೊಂದು ತುದಿ ಇಕ್ಕಳಕ್ಕೆ, ಮೆಲ್ಲಗೆ ಎಳೀರಿ. ಸ್ವಲ್ಪ ಹಿಗ್ಗಿ ನಿಲ್ಲೋದು ಕೈಗೆ ಗೊತ್ತಾಗುತ್ತೆ. ಅಲ್ಲಿಗೆ ಸುರುಳಿಯ ನೆನಪು ಹೋಗಿ ತಂತಿ ನೆಟ್ಟಗೆ, ಗಟ್ಟಿ ಆಗಿರುತ್ತೆ. ಇನ್ನೂ ಎಳೆದರೆ ತುಂಡಾಗುತ್ತೆ. ಆಮೇಲೆ 60 ಮಿಮೀ ತುಂಡು ಮಾಡಿ, ಗ್ರಾನೈಟ್ ಅಥವಾ ದಪ್ಪ ಗಾಜಿನ ಮೇಲಿಟ್ಟು ಆರಿಂಚಿನ ಸ್ಟೀಲ್ ಸ್ಕೇಲನ್ನ ಅಡ್ಡ ಮಲಗಿಸಿ, ಮೇಲಿನಿಂದ ಒತ್ತಿ ಒಂದೇ ದಿಕ್ಕಿಗೆ ಮೂರು ನಾಲ್ಕು ಸಲ ಉರುಳಿಸಿ. 0.06 ದಪ್ಪಕ್ಕೆ ಬಂದಾಗ ಅಗಲ 0.13 ಸುತ್ತಮುತ್ತ ಇರುತ್ತೆ, ನಮಗೆ ಬೇಕಾದ್ದೇ ಅದು. ಸುತ್ತಿಗೆ ಮುಟ್ಟಬೇಡಿ, ಅಲೆ ಅಲೆ ಬರುತ್ತೆ. ಬಣ್ಣ ಈಗಲೇ: ಪ್ರೈಮರ್ ಸವರಿ, ಮೇಲೆ ಉಕ್ಕಿನ ಬಣ್ಣ ತೆಳ್ಳಗೆ. ಕೂರಿಸಿದ ಮೇಲೆ ಬ್ರಷ್ ಆಡಿಸಕ್ಕಾಗಲ್ಲ.

ತೂತು 0.3 ಮಿಮೀ, ಆಳ 0.8. ಮೇಲಿನ ರೆಕ್ಕೆಯ ತಳ, ಕೆಳಗಿನ ರೆಕ್ಕೆಯ ಮೇಲ್ಮೈ, ಫ್ಯೂಸಲೇಜ್ (ವಿಮಾನದ ಮೈ) ಬದಿ, ಎಲ್ಲ ಕಡೆ ವೈರ್ ಹೋಗೋ ಕೋನಕ್ಕೇ ಓರೆಯಾಗಿ ಕೊರೀರಿ. ಎಸ್‌ಪಿ ರೋಡಲ್ಲಿ (ಬೆಂಗಳೂರು) ಸಿಗೋ ಪಿಸಿಬಿ ಡ್ರಿಲ್ ಬಿಟ್ ಕಾರ್ಬೈಡ್‌ನದು, ಯಂತ್ರಕ್ಕೆ ಮಾಡಿದ್ದು, ಕೈಯಲ್ಲಿ ಸ್ವಲ್ಪ ವಾಲಿದರೂ ಮುರಿದು ತುದಿ ರೆಕ್ಕೆಯೊಳಗೇ ಉಳಿಯುತ್ತೆ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ ಹುಡುಕಿ. ಮೊದಲು ಸೂಜಿ ಮೊನೆಯಲ್ಲಿ ಗುಳಿ ಮಾಡದೆ ಕೊರೆದರೆ ಬಿಟ್ ಜಾರಿ ಬಣ್ಣ ಗೀಚುತ್ತೆ, ನಿಮ್ಮದು ಬಣ್ಣ ಆಗಿಹೋಗಿದೆ, ನೆನಪಿರಲಿ. ತೂತಿನ ಜಾಗ ಸ್ಟ್ರಟ್ ಪಿನ್ನಿನ ತೂತೇ ಅಲ್ಲ, ಅದರ ಪಕ್ಕ.

ಆಳ 0.8 ಯಾಕೆ ಅಂದ್ರೆ: ರೆಕ್ಕೆ ಕೂತ ಮೇಲೆ ಎರಡು ತೂತಿನ ಬಾಯಿಂದ ಬಾಯಿಗೆ ಡಿವೈಡರಿನಲ್ಲಿ ಅಳೀರಿ, ಅದಕ್ಕೆ 0.7 ಸೇರಿಸಿ ವೈರ್ ಕತ್ತರಿಸಿ. ಒಂದು ತುದಿ ತೂತಿನ ತಳದವರೆಗೆ ತೂರಿಸಿದರೆ ಇನ್ನೊಂದು ತುದಿ ಎದುರಿನ ಬಾಯಿಯ ಅಂಚಿಗೆ ಸರಿಯಾಗಿ ಬರುತ್ತೆ. ಅದನ್ನ ಬಾಯಿಗೆ ಹೊಂದಿಸಿ ತೂತಿನ ಆಳದ ಅರ್ಧದಷ್ಟು ಹಿಂದಕ್ಕೆ ಜಾರಿಸಿದರೆ ಎರಡೂ ಕಡೆ ಸಮ ಕೂತಿತು. ಬಗ್ಗಿಸೋದೇ ಬೇಕಿಲ್ಲ. ಒಂದು ತುದಿಗೆ ಮಾತ್ರ ಫೆವಿಕಾಲ್ ಚುಕ್ಕೆ, ಸೂಜಿ ಮೊನೆಯಲ್ಲಿ ಬರೋಷ್ಟು. ಇನ್ನೊಂದು ತುದಿ ಸುಮ್ಮನೆ ಬಿಡಿ. ಎರಡೂ ಕಡೆ ಸೂಪರ್ ಗ್ಲೂ ಹಾಕಿದವರ ವೈರ್‌ಗಳು ಡಿಸೆಂಬರಿನಲ್ಲಿ ಬಿಲ್ಲಾಗುತ್ತವೆ. ಚಳಿಗೆ ತಾಮ್ರಕ್ಕಿಂತ ಪಾಲಿಸ್ಟೈರೀನ್ ನಾಲ್ಕು ಪಟ್ಟು ಕುಗ್ಗುತ್ತೆ, ವೈರ್‌ಗೆ ಹೋಗೋಕೆ ಜಾಗ ಬೇಕಲ್ಲ? ಜೊತೆಗೆ ಈ ವೈರ್ ರೆಕ್ಕೆಯನ್ನ ಎಳೆಯೋದೇ ಇಲ್ಲ, ಹಾಗಾಗಿ ಸ್ಟ್ರಟ್ ಸರಿ ಕೂತಿದ್ರೆ ರೆಕ್ಕೆ ತಿರುಚಲ್ಲ. ಆದರೆ ಇದು ಬಲ ಕೊಡಲ್ಲ, ನೋಟಕ್ಕೆ ಅಷ್ಟೆ. ಮಕ್ಕಳು ಕೈಗೆತ್ತಿಕೊಳ್ಳೋ ಮಾಡೆಲ್ಲಿಗೆ ಎಲಾಸ್ಟಿಕ್ಕೇ ವಾಸಿ.

ಕೂರಿಸೋ ಕ್ರಮ ಒಳಗಿಂದ ಹೊರಕ್ಕೆ. ಕಬೇನ್ ನಡುವಿನ ಅಡ್ಡ ವೈರ್ ಮೊದಲು, ಆಮೇಲೆ ಇಂಟರ್‌ಪ್ಲೇನ್ ಸ್ಟ್ರಟ್ ಜೋಡಿಯ ನಡುವಿನ ಗುಣಿಸು ಚಿಹ್ನೆ, ಆಮೇಲೆ ಲ್ಯಾಂಡಿಂಗ್ ವೈರ್ (ನೆಲದಲ್ಲಿ ನಿಂತಾಗ ರೆಕ್ಕೆಯ ಭಾರ ಹೊರೋದು), ಕೊನೆಗೆ ಫ್ಲೈಯಿಂಗ್ ವೈರ್ (ಹಾರುವಾಗ ರೆಕ್ಕೆ ಮೇಲೇಳದಂತೆ ಹಿಡಿಯೋದು). ಫ್ಲೈಯಿಂಗ್ ವೈರ್ ಜೋಡಿ ಜೋಡಿ ಇರುತ್ತವೆ, ಒಂದೊಂದೇ ಹಾಕಿ ಮುಗಿಸಬೇಡಿ. ಚಪ್ಪಟೆ ಮುಖ ಹಾರೋ ದಿಕ್ಕಿಗೆ ಸಮಾನಾಂತರ. ಇದನ್ನ ತಪ್ಪಿಸಿದರೆ ಇಷ್ಟು ಉರುಳಿಸಿದ್ದು ದಂಡ.

ರೆಕ್ಕೆ ಮತ್ತೆ ಕೂರಿಸೋಕೆ ಕೈಯನ್ನ ನಂಬಬೇಡಿ, ಜಿಗ್ (ಅಳತೆಗೆ ಹಿಡಿದು ನಿಲ್ಲಿಸೋ ಚೌಕಟ್ಟು) ಮಾಡಿ. ಬೋರ್ಡ್ ಬರೆಯೋ ಅಂಗಡಿಯಲ್ಲಿ 3 ಮಿಮೀ ಸನ್‌ಬೋರ್ಡ್ ಚೂರು ಸಿಗುತ್ತೆ. ಎಸ್‌ಇ5ಎ ಡೈಹೆಡ್ರಲ್ (ತುದಿ ಕಡೆಗೆ ರೆಕ್ಕೆಯ ಏರು) ಎರಡೂ ರೆಕ್ಕೆಗೆ 5 ಡಿಗ್ರಿ, ಅಂದ್ರೆ ಪ್ರತಿ 10 ಮಿಮೀಗೆ 0.87 ಏರು. ಏರು ಶುರುವಾಗೋ ಜಾಗದಿಂದ ಸ್ಟ್ರಟ್ 60 ಮಿಮೀ ದೂರ ಇದ್ರೆ ಅಲ್ಲಿ 5.2 ಎತ್ತರ. ಮೇಲಿನ ರೆಕ್ಕೆಗೆ ಅಳೆಯೋವಾಗ ಸೆಂಟರ್ ಸೆಕ್ಷನ್ ಮಟ್ಟವಾಗಿದೆ ಅನ್ನೋದನ್ನ ಮರೆತು ವಿಮಾನದ ಮಧ್ಯದಿಂದ ಲೆಕ್ಕ ಹಿಡೀಬೇಡಿ. ಜಿಗ್‌ನಲ್ಲಿ ಮೇಲಿನ ರೆಕ್ಕೆಯನ್ನ ತಲೆಕೆಳಗಾಗಿ ಮಲಗಿಸಿ, ಸ್ಟ್ರಟ್ ಅದರ ತಳಕ್ಕೆ ಕೂರಿಸಿ, ಮೇಲಿನಿಂದ ಫ್ಯೂಸಲೇಜನ್ನ ಕೆಳಗಿನ ರೆಕ್ಕೆ ಸಮೇತ ಇಳಿಸಿ. ಅಂಟು ನಿಧಾನದ್ದು ಬೇಕು, ಅರ್ಧ ಗಂಟೆಯ ಎಪಾಕ್ಸಿ. ಐದು ನಿಮಿಷದ ಅರಾಲ್ಡೈಟ್ ನಾಲ್ಕನೇ ಸ್ಟ್ರಟ್ಟಿಗೆ ಬರೋ ಹೊತ್ತಿಗೆ ಮೊದಲನೆಯದನ್ನ ಹಿಡಿದುಬಿಟ್ಟಿರುತ್ತೆ. ಸ್ಟ್ಯಾಗರ್ (ಮೇಲಿನ ರೆಕ್ಕೆ ಕೆಳಗಿನದಕ್ಕಿಂತ ಎಷ್ಟು ಮುಂದಿದೆ ಅನ್ನೋದು) ಡ್ರಾಯಿಂಗಿನಿಂದ ತಗೊಂಡು ಪಕ್ಕದಿಂದ ಮೂಲೆಮಟ್ಟ ಇಟ್ಟು ನೋಡಿ, ರಾತ್ರಿಯಿಡೀ ಬಿಡಿ.

ನಿಮ್ಮ ಪ್ರೊಪೆಲ್ಲರ್ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ ಮೇಲೆ ಬ್ರಷ್‌ನಲ್ಲಿ ಮರದ ಗೆರೆ ಎಳೆದಿದೀರ, ಗೆರೆ ಉದ್ದಕ್ಕೆ ಹೋಗಿದೆ. ಲ್ಯಾಮಿನೇಷನ್ (ಒಂದರ ಮೇಲೊಂದು ಅಂಟಿಸಿದ ಮರದ ಪದರ) ಹಾಗೆ ಕಾಣಲ್ಲ, ತಿರುಚಿದ ಅಲಗಿನ ಮೇಲೆ ಕಮಾನು ಕಮಾನಾಗಿ ಬರುತ್ತೆ. ಕೈಕೆಲಸ ಬಿಡಲ್ಲ ಅಂದ್ರೆ ಮರದಲ್ಲೇ ಮಾಡಿ: ಅರ್ಧ ಮಿಲಿಮೀಟರ್ ವೆನೀರ್ ಎಂಟು ಪದರ, ತಿಳಿ ಬಣ್ಣದ್ದು, ಕಂದು ಬಣ್ಣದ್ದು ಒಂದರ ಮೇಲೊಂದು, ನೀರು ಬೆರೆಸಿದ ಫೆವಿಕಾಲ್, ಎರಡು ಗಾಜಿನ ನಡುವೆ ಕ್ಲಾಂಪ್ ಹಾಕಿ ಒಂದು ದಿನ. ತಿಳಿಗೆ ಚನ್ನಪಟ್ಟಣದವರು ಬೊಂಬೆಗೆ ಬಳಸೋ ಆಲೆಮರಕ್ಕೆ ಸಮ ಇಲ್ಲ, ನಾರು ಅಷ್ಟು ನುಣುಪು. ಕಂದಿಗೆ ಬೀಟೆ ಹಾಕಬೇಡಿ, ರಂಧ್ರ ದೊಡ್ಡದು, ಈ ಅಳತೆಗೆ ಒರಟು. ಅದೇ ಆಲೆಮರವನ್ನ ಗಟ್ಟಿ ಚಹಾದಲ್ಲಿ ನೆನೆಸಿ ಬಣ್ಣ ಏರಿಸಿ. ಕೆತ್ತೋ ಮೊದಲು ಎಂಜಿನ್ ಯಾವುದು ತೀರ್ಮಾನಿಸಿ. ಗಿಯರ್ ಇರೋ ಹಿಸ್ಪಾನೊ ಸುಯಿಝಾದಲ್ಲಿ ಪ್ರೊಪೆಲ್ಲರ್ ಕ್ರ್ಯಾಂಕಿನ ವಿರುದ್ಧ ದಿಕ್ಕಿಗೆ ತಿರುಗುತ್ತೆ, ವುಲ್ಸ್‌ಲಿ ವೈಪರ್‌ನಲ್ಲಿ ಗಿಯರ್ ಇಲ್ಲ. ತಿರುಚು ಉಲ್ಟಾ ಆದ್ರೆ ಎಷ್ಟು ಚೆನ್ನಾಗಿ ಕೆತ್ತಿದ್ರೂ ಬೆಂಕಿಗೆ.

ಫೋಟೊ ಆಧಾರಕ್ಕೆ ಇಂಗ್ಲೆಂಡಿನ ಶಟಲ್‌ವರ್ತ್ ಸಂಗ್ರಹದ ಎಫ್904 ನೋಡಿ. ಈಗಲೂ ಹಾರುತ್ತೆ, ವೈಪರ್ ಎಂಜಿನ್, ವೈರಿನ ತುದಿಗಳು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಯುದ್ಧ ಮುಗಿದ ಮೇಲೆ ಆಕಾಶದಲ್ಲಿ ಹೊಗೆಯಿಂದ ಅಕ್ಷರ ಬರೆಯೋಕೆ ಬಳಸಿದ ಎಸ್‌ಇ5ಎಗಳ ಹಳೇ ಚಿತ್ರಗಳೂ ಹುಡುಕಾಟದಲ್ಲಿ ಬರುತ್ತವೆ, ಅದರ ಬಾಲದವರೆಗಿನ ಎಕ್ಸಾಸ್ಟ್ ಕೊಳವೆ ನಕಲು ಮಾಡಬೇಡಿ. ಮೊದಲ ಮಹಾಯುದ್ಧದ ಭಾರತೀಯ ಪೈಲಟ್ ಇಂದ್ರಲಾಲ್ ರಾಯ್ ವಿಮಾನ ಅಂತ ಮಾಡ್ತಿದೀರ, ಒಳ್ಳೆ ಆಯ್ಕೆ. 40ನೇ ಸ್ಕ್ವಾಡ್ರನ್, 1918ರ ಜುಲೈನಲ್ಲಿ ಎರಡು ವಾರದೊಳಗೆ ಹತ್ತು ಗೆಲುವು, 22ರಂದು ಸಾವು. ಆದ್ದರಿಂದ 1917ರ ಶುರುವಿನ ಎಸ್‌ಇ5ರ ದೊಡ್ಡ ವಿಂಡ್‌ಸ್ಕ್ರೀನ್ ಈ ಮಾಡೆಲ್ಲಿಗೆ ಬೇಡ, ಸಣ್ಣದೇ ಹಾಕಿ.

ಪಿಸಿ10 ನಿಮ್ಮದು ತೀರಾ ಹಸಿರು. ಅದು ಓಕರ್‌ಗೆ (ಹಳದಿ ಮಣ್ಣಿನ ಬಣ್ಣ) ಕಪ್ಪು ಸೇರಿಸಿದ ಬಣ್ಣ, ಕಂದಿಗೆ ವಾಲುತ್ತೆ. ಟಮಿಯಾ ಎಕ್ಸ್‌ಎಫ್-62 (ಆಲಿವ್ ಡ್ರ್ಯಾಬ್) ಮೂರು ಪಾಲು, ಎಕ್ಸ್‌ಎಫ್-64 (ಕೆಂಗಂದು) ಒಂದು ಪಾಲು ಅಲ್ಲಿಂದ ಶುರು ಮಾಡಿ ನೋಡಿ. ಈಗ ಮತ್ತೆ ಬಳಿಯೋದು ಬೇಡ, ಡೀಕಾಲ್ ಹೋಗುತ್ತೆ, ತೆಳು ಕಂದು ಫಿಲ್ಟರ್ (ತುಂಬಾ ತೆಳ್ಳಗೆ ಮಾಡಿದ ಬಣ್ಣದ ಪದರ) ಸಾಕು. ಕೊನೇ ಮ್ಯಾಟ್ ಕೋಟ್ ರೆಕ್ಕೆ ಬೇರೆ ಇರುವಾಗಲೇ ಮುಗಿಸಿ. ಮಳೆ ಬರೋ ದಿನ ಲ್ಯಾಕರ್ ಸ್ಪ್ರೇ ಮಾಡಬೇಡಿ, ತೇವ ಸಿಕ್ಕಿ ಬೆಳ್ಳಗಾಗುತ್ತೆ.

ಇನ್ನೊಂದು, ಹಿನ್ನೆಲೆಯಲ್ಲಿ ನಿಮ್ಮ ಗಾಜಿನ ಬೀರು ಕಾಣ್ತಿದೆ, ಮೂಲೆಯಲ್ಲಿ ನುಸಿಗುಳಿಗೆ ಇದೆ. ಇವತ್ತೇ ತೆಗೀರಿ. ನ್ಯಾಫ್ತಲೀನ್ ಆವಿಗೆ ಪಾಲಿಸ್ಟೈರೀನ್ ಮೆತ್ತಗಾಗುತ್ತೆ, ಕರ್ಪೂರವೂ ಬೇಡ. ಹುಳದ ಭಯ ಇದ್ರೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಬಾಗಿಲು ಬಿಗಿ ಮಾಡಿ. ರೆಕ್ಕೆ ಬಿಚ್ಚಿದ ಮೇಲೆ ತಳದ ಫೋಟೊ ಹಾಕಿ, ತೂತಿನ ಜಾಗ ಗುರುತು ಮಾಡಿ ಕೊಡ್ತೀನಿ.